ಗಣಿಗಿಳಿದ ವಿಜ್ಞಾನಿ: ಜೆ. ಎಸ್. ಹಾಲ್ಡೇನ್

1957ರಲ್ಲಿ ಭಾರತಕ್ಕೆ ಬಂದು, ಇಲ್ಲಿಯ ಪ್ರಜೆಯಾಗಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನರ ಹೆಸರನ್ನು ನಮ್ಮಲ್ಲಿ ಅನೇಕರು ಕೇಳಿದ್ದಾರೆ. ನಾನು ಹೇಳಹೊರಟಿರುವುದು ಅವರ ತಂದೆ ಜಾನ್ ಸ್ಕಾಟ್ ಹಾಲ್ಡೇನರ ವಿಷಯ. ಮಗನ ಕೀರ್ತಿಯ ಮರೆಯಲ್ಲಿ ತಂದೆ ನಿಂತುಬಿಟ್ಟದ್ದು ನ್ಯಾಯವೆಂದು ನನಗೆ ತೋರುವುದಿಲ್ಲ.

1860ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿ, ಅಲ್ಲಿಯೇ ವೈದ್ಯಶಾಸ್ತ್ರವನ್ನೋದಿದ ಇವರು ರೋಗಿಯ ನಾಡಿ ಹಿಡಿಯುವುದನ್ನು ಬಿಟ್ಟು ಗಾಳಿಯ ಬೆನ್ನು ಹತ್ತಿದರು. ಬಡವರ ಮನೆಯ ಗಾಳಿ, ಚರಂಡಿಯ ಗಾಳಿ, ಗಣಿಯ ಗಾಳಿ ಎಲ್ಲವನ್ನೂ ಪರೀಕ್ಷಿಸಿದರು.

1896ರ ಜನವರಿಯಲ್ಲಿ ವೇಲ್ಸ್ ಪ್ರಾಂತದ ಟೈಲರ್ಸ್‌ಟೌನಿನ ಕಲ್ಲಿದ್ದಲ ಗಣಿ ಸ್ಫೋಟಗೊಂಡು 57 ಮಂದಿ ಸತ್ತರು. ಶವಗಳನ್ನು ನೋಡಿದ ಹಾಲ್ಡೇನರಿಗೆ, ಬಹುಮಂದಿ ಸಿಡಿತದ ಹೊಡೆತಕ್ಕೆ ಸತ್ತವರಲ್ಲವೆಂಬುದು ತಿಳಿಯಿತು. ಅವರ ಮೈ ಕೆಂಪೇರಿತ್ತು. ಕೊಂದದ್ದು ಸ್ಫೋಟದ ನಂತರ ಉಳಿಯುವ ಇಂಗಾಲದ ಮಾನಾಕ್ಸೈಡು.

ಕೊಲ್ಲುವ ಬಗೆ ಹೀಗೆ. 100 ಘನ ಸೆಂಟಿಮೀಟರು ರಕ್ತ ಸುಮಾರು 20ರಷ್ಟು ಆಮ್ಲಜನಕವನ್ನು ಹೊರುತ್ತದೆ. ನೀರಿನಲ್ಲಿ ಕರಗಿದಂತೆ ಕರಗಿರುವುದು ಅದರಲ್ಲಿ 0.3 ಮಾತ್ರ, ಉಳಿದುದೆಲ್ಲ ಕೆಂಪು ಕಣಗಳೊಳಗಿನ ಹೀಮೊಗ್ಲಾಬಿನ್ ಎಂಬ ವಸ್ತುವಿಗೆ ಅಂಟಿರುತ್ತದೆ. ಮಾನಾಕ್ಸೈಡು ಇದಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಬಂಡಿಯೇನೋ ಓಡುತ್ತಿರುತ್ತದೆ, ಆದರೆ ಕೂರಲು ಜಾಗವಿಲ್ಲ!

ಇದನ್ನು ಹಾಲ್ಡೇನರು ಊಹಿಸಿ ಹೇಳಲಿಲ್ಲ. ಗಣಿಯ ದುರಂತಕ್ಕೆ ಮುಂಚೆಯೇ, 1895ರ ವೇಳೆಗೆ, ತಾವೇ ಆ ವಿಷವಾಯುವನ್ನು ಸೇದಿ, ತಮ್ಮ ರಕ್ತವನ್ನೇ ತೆಗೆದು ಪರೀಕ್ಷಿಸಿದ್ದರು. ಹೀಮೊಗ್ಲಾಬಿನ್ನಿನ ಅರ್ಧಕ್ಕಿಂತ ಹೆಚ್ಚು ಭಾಗ ವಿಷಕ್ಕೆ ಸಿಕ್ಕಿ, ಆಸರೆಯಿಲ್ಲದೆ ನಡೆಯಲಾರದ ಸ್ಥಿತಿಗೆ ಬರುವವರೆಗೂ ನಿಲ್ಲಿಸಲಿಲ್ಲ. ಮನೆಯವರ ಪಾಡೇನಾಗಿದ್ದೀತೋ! ಸಣ್ಣ ಪ್ರಾಣಿಗಳಿಗೆ ಈ ವಿಷ ಮನುಷ್ಯನಿಗಿಂತ ಬೇಗ ತಟ್ಟುವುದನ್ನು ಕಂಡು, ಗಣಿಗೆ ಇಲಿಮರಿಯನ್ನೋ ಹಕ್ಕಿಯನ್ನೋ ಒಯ್ಯುವಂತೆ ಸೂಚಿಸಿದರು. ಬ್ರಿಟನ್ನಿನ ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳನ್ನು ಕೈಬಿಡುವ ತೀರ್ಮಾನವಾದದ್ದು 1986ರಲ್ಲಿ.

ಇಂಗಾಲಾಮ್ಲ ವಾಯುವಿನ ಸಾಗಾಟ ಇನ್ನೊಂದು ಬಗೆ. ಅದರ ಬಹುಭಾಗ ಬೈಕಾರ್ಬನೇಟಾಗಿ ಮಾರ್ಪಟ್ಟು ಪ್ರಯಾಣ ಮಾಡುತ್ತದೆ. ಸ್ವಲ್ಪ ಭಾಗ ಹೀಮೊಗ್ಲಾಬಿನ್ನಿಗೇ ಅಂಟುತ್ತದೆ. 1914ರಲ್ಲಿ ಕ್ರಿಶ್ಚಿಯನ್‌ಸೆನ್, ಡಗ್ಲಾಸ್ ಎಂಬವರೊಡನೆ ಹಾಲ್ಡೇನರು ತೋರಿಸಿಕೊಟ್ಟದ್ದಿದು: ಆಮ್ಲಜನಕವನ್ನು ಇಳಿಸಿದ ರಕ್ತ ಇಂಗಾಲಾಮ್ಲವನ್ನು ಹೆಚ್ಚಾಗಿ ಹೊರಬಲ್ಲದು, ಶ್ವಾಸಕೋಶದಲ್ಲಿ ಆಮ್ಲಜನಕ ಹತ್ತಿದೊಡನೆ ಇದನ್ನು ಇಳಿಸಿಬಿಡುತ್ತದೆ. ಇಳಿಸುವುದೂ ಏರಿಸುವುದೂ ಒಂದಕ್ಕೊಂದು ನೆರವು. ಇದಕ್ಕೆ ಹಾಲ್ಡೇನ್ ಪರಿಣಾಮವೆಂದೇ ಹೆಸರು.

1915ರಲ್ಲಿ ಯುದ್ಧಭೂಮಿಯ ವಿಷವಾಯುವನ್ನು ಪರೀಕ್ಷಿಸಲು ಫ್ರಾನ್ಸಿಗೂ ಹೋದರು. ಮುಪ್ಪಿನಲ್ಲೂ ವಿಶ್ರಾಂತಿ ಬೇಕೆನಿಸಲಿಲ್ಲ. ಪರ್ಷಿಯಾದ ತೈಲ ಕಾರ್ಖಾನೆಗಳಲ್ಲಿ ಕೂಲಿಗಳು ಬಿಸಿಲಿನ ಬೇಗೆಗೆ ಬೀಳುತ್ತಿದ್ದುದೇಕೆಂದು ನೋಡಿಬರಲು ಹೋದವರು, ಹಿಂತಿರುಗಿದ ಸ್ವಲ್ಪ ಕಾಲದಲ್ಲೇ, 1936ರ ಮಾರ್ಚಿನಲ್ಲಿ, ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ಆಗ ಅವರಿಗೆ 75 ವರ್ಷ.