ಎರಡು ದೇಶಗಳ ವೈದ್ಯ ಡಾ. ಕೋಟ್ನಿಸ್

ನಮ್ಮ ವಿಜಯಪುರ ಜಿಲ್ಲೆಗೆ ಹೊಂದಿಕೊಂಡ ಸೋಲಾಪುರದಲ್ಲಿ 1910ರಲ್ಲಿ ಡಾ. ದ್ವಾರಕಾನಾಥ ಕೋಟ್ನಿಸ್ ಜನಿಸಿದರು. ಅವರು ಮುಂಬಯಿಯಲ್ಲಿ ವೈದ್ಯಕೀಯ ಓದಿದರು. ಆ ದಿನಗಳಲ್ಲಿ ಜಪಾನ್ ಚೀನಾದ ಮೇಲೆ ದಾಳಿ ಮಾಡಿತ್ತು. ಚೀನಾದ ಸೇನಾನಿ ಝೂ ದೆ ವೈದ್ಯರ ನೆರವು ಕೋರಿ ನೆಹರೂ ಅವರಿಗೆ ಪತ್ರ ಬರೆದರು. ನಾವೇ ಪರರ ಆಳ್ವಿಕೆಯಲ್ಲಿದ್ದ ಕಾಲವದು. ಆದರೂ ಸುಭಾಷಚಂದ್ರ ಬೋಸ್ ಅಧ್ಯಕ್ಷರಾಗಿದ್ದ ಕಾಂಗ್ರೆಸ್ 1938ರಲ್ಲಿ ಐವರು ವೈದ್ಯರನ್ನು ಕಳುಹಿಸಿತು. ಅವರಲ್ಲಿ ಕೋಟ್ನಿಸ್ ಒಬ್ಬರು.

ತಂದೆ ತೀರಿಕೊಂಡ ಸುದ್ದಿ ಬಂದಾಗಲೂ ಅವರು ಮರಳಲಿಲ್ಲ. ಯುದ್ಧರಂಗದ ಹಳ್ಳಿಗಳಲ್ಲಿ ಹಗಲಿರುಳೆನ್ನದೆ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಚೀನೀ ಭಾಷೆ ಕಲಿತು, ಅದರಲ್ಲೇ ಅಲ್ಲಿನ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. ಬೆಥ್ಯೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ನಿರ್ದೇಶಕರಾದರು. 1941ರಲ್ಲಿ ಅಲ್ಲಿ ಶುಶ್ರೂಷೆ ಕಲಿಸುತ್ತಿದ್ದ ಗುವೊ ಛಿಂಗ್‌ಲಾನ್ ಅವರನ್ನು ಮದುವೆಯಾದರು. ಮಗನಿಗೆ ‘ಯಿನ್‌ಹುವಾ’ ಎಂದು ಹೆಸರಿಟ್ಟರು. ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನಾ.

ಮಗುವಿಗೆ ನಾಲ್ಕು ತಿಂಗಳೂ ತುಂಬದಿದ್ದಾಗ, 1942ರ ಡಿಸೆಂಬರ್ 9ರಂದು, ಅಪಸ್ಮಾರದಿಂದ ಕೋಟ್ನಿಸ್ ತೀರಿಕೊಂಡರು. ಆಗ ಅವರ ವಯಸ್ಸು 32. ಜೊತೆಗೆ ಹೋದ ನಾಲ್ವರೂ ತಾಯ್ನಾಡಿಗೆ ಮರಳಿದರು, ಇವರು ಮಾತ್ರ ಅಲ್ಲಿಯೇ ಮಣ್ಣಾದರು.

1962ರಲ್ಲಿ ಎರಡೂ ದೇಶಗಳ ನಡುವೆ ಯುದ್ಧವೇ ನಡೆಯಿತು. ಗಡಿಯ ತಕರಾರು ಇಂದಿಗೂ ಮುಗಿದಿಲ್ಲ. ಆದರೂ ಷಿಜಿಯಾಝುವಾಂಗ್ ನಗರದಲ್ಲಿ ಅವರ ಸಮಾಧಿ, ಪ್ರತಿಮೆಗಳಿಗೆ ಗೌರವ ಸಲ್ಲುತ್ತಿದೆ. ಭಾರತಕ್ಕೆ ಬರುವ ಚೀನೀ ನಾಯಕರು ಅವರ ಬಂಧುಗಳನ್ನು ಕಂಡು ಹೋದದ್ದುಂಟು. ಒಪ್ಪಂದದ ಕಾಗದ ಹರಿದರೂ ಮಾಡಿದ ಉಪಕಾರ ಉಳಿಯುತ್ತದೆ. ನಮ್ಮ ಶಾಲೆಯಿಂದ ದೂರ ದೇಶಕ್ಕೆ ಹೋಗುವ ಮಕ್ಕಳು ಅಲ್ಲಿನವರ ಭಾಷೆ ಕಲಿತು, ಅವರ ಕಷ್ಟಕ್ಕೆ ಒದಗಲಿ.