ಏಳು ಹೊರೆ ನೀಲಿ ಹೂವು

ಮೊದಲ ಮಳೆಗೆ ಮಲೆನಾಡಿನ ಕಾಡುದಾರಿಯಲ್ಲಿ ಸೀತಾಳೆದಂಡೆ ಅರಳಿ ತೂಗುವುದನ್ನು ಕಂಡವರು ಮರೆಯಲಾರರು. ನಾನೂ ಒಮ್ಮೆ ಕಂಡೆ. ಕಂಡು ಸುಮ್ಮನಿರಲಾರದೆ ಬೇರುಸಹಿತ ಕಿತ್ತು ಮನೆಗೆ ತಂದೆ. ಮರದ ಮೇಲೆ ಬಾಳುವುದನ್ನು ಮಣ್ಣಿನ ಕುಂಡದಲ್ಲಿ ನೆಟ್ಟ ಜಾಣತನ ನನ್ನದು! ಆ ಗಿಡ ಮರುವರ್ಷದ ಮಳೆಯನ್ನು ಕಾಣಲಿಲ್ಲ. ಜೋಸೆಫ್ ಡಾಲ್ಟನ್ ಹೂಕರನ ಹಿಮಾಲಯ ಪ್ರವಾಸದ ಗ್ರಂಥವನ್ನು ತೆರೆದಾಗಲೆಲ್ಲ ಆ ಕುಂಡ ನನ್ನ ಕಣ್ಣಮುಂದೆ ನಿಲ್ಲುತ್ತದೆ.

ಹೂಕರನು ಹುಟ್ಟಿದುದು ೧೮೧೭ರಲ್ಲಿ, ಇಂಗ್ಲೆಂಡಿನಲ್ಲಿ. ತಂದೆ ವಿಲಿಯಂ ಹೂಕರನು ಮುಂದೆ ಲಂಡನ್ ಸಮೀಪದ ಕ್ಯೂ ಸಸ್ಯೋದ್ಯಾನದ ನಿರ್ದೇಶಕನಾದನು. ಡಾರ್ವಿನ್ನನು ಮಗನ ಆಪ್ತಮಿತ್ರ. ದಕ್ಷಿಣಧ್ರುವದತ್ತ ಸಮುದ್ರಯಾನ, ಸಿಕ್ಕಿಮಿನಲ್ಲಿ ಸೆರೆವಾಸ, ಇವೆಲ್ಲ ದೊಡ್ಡ ಕತೆ, ಇಲ್ಲಿ ಬೇಡ. ೧೮೫೦ರಲ್ಲಿ ಆತನು ಮಿತ್ರ ಥಾಮಸ್ ಥಾಮ್ಸನ್ನನೊಡನೆ ಇಂದಿನ ಮೇಘಾಲಯದ ಖಾಸಿ ಬೆಟ್ಟಗಳಿಗೆ ಬಂದನು. ಅಲ್ಲಿ ಎಲೆ ವಿರಳವಾದ ಗಂಟುಗಂಟಿನ ಮರಗಳ ಮೇಲೆ, ಬಿಸಿಲು ಗಾಳಿ ಮಳೆಗಳಿಗೆ ಮೈಯೊಡ್ಡಿ, ನೀಲಿ ವಾಂಡಾ ಎಂಬ ಆರ್ಕಿಡ್ ಗೊಂಚಲುಗೊಂಚಲಾಗಿ ಅರಳಿತ್ತು. ಆತನು ಆ ಚೆಲುವನ್ನು ಮನಸಾರ ಬಣ್ಣಿಸಿದ್ದಾನೆ. ಬಣ್ಣಿಸಿದವನೇ, ಏಳು ಆಳುಗಳು ಹೊರುವಷ್ಟು ಗಿಡಗಳನ್ನು ಕ್ಯೂ ಉದ್ಯಾನಕ್ಕಾಗಿ ಕೀಳಿಸಿದನು. ಇಂಗ್ಲೆಂಡನ್ನು ಜೀವಸಹಿತ ಮುಟ್ಟಿದುವು ಕೆಲವೇ. ಆತನ ಜಾಡು ಹಿಡಿದು ಬೇರೊಬ್ಬರ ತೋಟಗಾರನು ಸಂಗ್ರಹಿಸಿದ ಒಂದೇ ಹೊರೆ, ಬಾಡಿದ್ದರೂ, ೩೦೦ ಪೌಂಡಿಗೆ ಮಾರಾಟವಾಯಿತು. ಈ ಲೆಕ್ಕವನ್ನು ಬರೆದಿಟ್ಟವನೂ ಹೂಕರನೇ.

ಖಾಸಿ ಬೆಟ್ಟದಿಂದಲೇ ಬರೆದ ಪತ್ರವೊಂದರಲ್ಲಿ, ಸಂಗ್ರಾಹಕರ ಹಾವಳಿಯಿಂದ ದಾರಿಗಳು ಬೋಳಾಗುತ್ತಿರುವುದನ್ನೂ, ಬಿರುಗಾಳಿ ಬೀಸಿಹೋದಂತೆ ಕೊಂಬೆಗಳೂ ಆರ್ಕಿಡ್‌ಗಳೂ ಮೈಲಿಗಟ್ಟಲೆ ಚೆಲ್ಲಿರುವುದನ್ನೂ ಆತನು ತಿಳಿಸಿದ್ದಾನೆ. ಕಂಡ ಕಣ್ಣೂ ಕೀಳಿಸಿದ ಕೈಯೂ ಒಬ್ಬನವೇ! ಆತನನ್ನು ನಿಂದಿಸಲು ನನಗೆ ಬಾಯಿಲ್ಲ.

೧೮೬೫ರಿಂದ ೧೮೮೫ರವರೆಗೆ ಕ್ಯೂ ಉದ್ಯಾನವನ್ನಾಳಿದ ಹೂಕರನು ಭಾರತದ ಸಸ್ಯಸಂಪತ್ತನ್ನು ಕುರಿತ ಏಳು ಸಂಪುಟಗಳನ್ನು ೧೮೯೭ರಲ್ಲಿ ಪೂರೈಸಿದನು. ಅದರಲ್ಲಿ ಆರ್ಕಿಡ್‌ಗಳ ಭಾಗವನ್ನು ಎಪ್ಪತ್ತರ ವಯಸ್ಸಿನಲ್ಲಿ ತಾನೇ ಕುಳಿತು ಬರೆದನು. ನಮ್ಮ ಸೀತಾಳೆದಂಡೆಗೂ ಅಲ್ಲಿ ಸ್ಥಾನವಿದೆ. ಒಣಗಿದ ಮಾದರಿಗಳನ್ನು ಬಿಡಿಸಿ ನೋಡುವಾಗ ಆ ಏಳು ಹೊರೆಗಳು ವೃದ್ಧನಿಗೆ ನೆನಪಾದುವೋ ಏನೋ. ೧೯೧೧ರಲ್ಲಿ ತೀರಿಕೊಂಡನು.

ನೀಲಿ ವಾಂಡಾಕ್ಕೆ ಕಾಯಿದೆಯ ರಕ್ಷಣೆ ದೊರೆತುದು ಬಹುಕಾಲದ ಮೇಲೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ೧೯೯೧ರಲ್ಲಿ ತಿದ್ದುಪಡಿಯಾದಾಗ ಸೇರಿದ ಆರು ಬಗೆಯ ಸಸ್ಯಗಳಲ್ಲಿ ಅದೂ ಒಂದು. ಸೀತಾಳೆದಂಡೆ ಆ ಆರರಲ್ಲಿ ಇರಲಿಲ್ಲ.

ಈಚೆಗೆ ವಿದ್ಯಾರ್ಥಿಗಳೊಡನೆ ಅದೇ ಕಾಡುದಾರಿಯಲ್ಲಿ ನಡೆದೆ. ಸುತ್ತಲಿನ ಮರಗಳಲ್ಲಿ ಹೂವಿತ್ತು. ನಾನು ಕಿತ್ತ ಕೊಂಬೆಯಲ್ಲಿ ಇರಲಿಲ್ಲ.