ಪೈಪಿನೊಳಗಿನ ಗುಟ್ಟು: ಆಲ್ಫ್ರೆಡ್ ಬ್ಯೂಖಿ

ಸ್ಟೇಶನ್ ಬಜಾರದಾಗ ಓಡಾಡೋ ಡೀಸೆಲ್ ಕಾರು, ಜೀಪುಗಳಲ್ಲಿ ಹೆಚ್ಚಿನವಕ್ಕೆ ಈಗ ಟರ್ಬೊ ಇದ್ದೇ ಇರ್ತದ. ಕಮಲಾಪುರದ ಕಡೆ ಹೋಗೋ ಲಾರಿಗಳದೂ ಅದೇ ಕಥೆ. ಆದರೆ ಅದನ್ನ ಕಂಡುಹಿಡಿದವರು ಯಾರು ಅಂದ್ರೆ ನಮ್ಮಲ್ಲಿ ಬಹಳ ಜನ ಸುಮ್ಮನಾಗ್ತೀವಿ. ಅದಕ್ಕೇ ಈ ಸಲ ಆಲ್ಫ್ರೆಡ್ ಬ್ಯೂಖಿ ಅವರ ಬಗ್ಗೆ ಬರೀತಿದ್ದೀವಿ.

ಬ್ಯೂಖಿ ಹುಟ್ಟಿದ್ದು 1879ರ ಜುಲೈ 11ರಂದು, ಸ್ವಿಟ್ಜರ್ಲೆಂಡಿನ ವಿಂಟರ್‌ಥುರ್‌ನಲ್ಲಿ. ತಂದೆ ಅಲ್ಲಿನ ಸುಲ್ಜರ್ ಕಂಪನಿಯಲ್ಲಿದ್ದರು. ಮಗ ಜ್ಯೂರಿಕ್‌ನ ಪಾಲಿಟೆಕ್ನಿಕ್‌ನಲ್ಲಿ 1903ರಲ್ಲಿ ಓದು ಮುಗಿಸಿ, ಬೆಲ್ಜಿಯಂ ಮತ್ತು ಇಂಗ್ಲೆಂಡಿನಲ್ಲಿ ಕೆಲಸ ಮಾಡಿದರು.

ಅವರು ಕೈಗೆತ್ತಿಕೊಂಡಿದ್ದು ನಮ್ಮ ಥರ್ಮೊಡೈನಮಿಕ್ಸ್ ಕ್ಲಾಸಿನ ಸಮಸ್ಯೆಯನ್ನೇ. ಇಂಧನದ ಶಾಖದಲ್ಲಿ ಸುಮಾರು ಮೂರನೇ ಒಂದು ಭಾಗ ಸೈಲೆನ್ಸರ್‌ನಿಂದ ಹೊಗೆ ಜೊತೆ ಹೊರಗೆ ಹೋಗ್ತದೆ. ಆ ಹೊಗೆಯಿಂದ ಟರ್ಬೈನ್ ತಿರುಗಿಸಿ, ಅದರಿಂದ ಕಂಪ್ರೆಸರ್ ನಡೆಸಿ, ಸಿಲಿಂಡರಿಗೆ ಹೆಚ್ಚು ಗಾಳಿ ತುಂಬಬೇಕು ಅನ್ನೋದು ಅವರ ವಿಚಾರ. ಗಾಳಿ ಹೆಚ್ಚಾದ್ರೆ ಇಂಧನವನ್ನೂ ಹೆಚ್ಚು ಉರಿಸಬಹುದು, ಅಷ್ಟೇ ದೊಡ್ಡ ಎಂಜಿನ್ನಿನಿಂದ ಹೆಚ್ಚು ಶಕ್ತಿ ಸಿಗ್ತದೆ. 1905ರಲ್ಲಿ, 26ನೇ ವಯಸ್ಸಿಗೇ, ಇದಕ್ಕೆ ಜರ್ಮನ್ ಪೇಟೆಂಟ್ ಪಡೆದರು.

ಪೇಟೆಂಟ್ ಬಂತು, ಆದರೆ ನೆಚ್ಚಬಹುದಾದ ಎಂಜಿನ್ ಬರಲಿಲ್ಲ. ಸುಲ್ಜರ್‌ಗೆ ಮರಳಿ ಪ್ರಯೋಗ ಮುಂದುವರಿಸಿದರು. 1915ರ ಮಾದರಿಯೂ ಕೈಕೊಟ್ಟಿತು. ಗುಟ್ಟು ಇದ್ದದ್ದು ಪೈಪುಗಳಲ್ಲಿ. ಎಲ್ಲ ಸಿಲಿಂಡರುಗಳ ಹೊಗೆಯನ್ನ ಒಂದೇ ದೊಡ್ಡ ಪೈಪಿಗೆ ಬಿಡದೆ, ಕೆಲವೇ ಸಿಲಿಂಡರುಗಳಿಗೊಂದು ಸಣ್ಣ ಪೈಪು ಕೊಟ್ಟರೆ, ಹೊಗೆಯ ಪ್ರತಿ ಹೊಡೆತವೂ ಬಲ ಕಳಕೊಳ್ಳದೆ ಟರ್ಬೈನ್ ಮುಟ್ಟುತ್ತದೆ. 1925ರ ಅವರ ಪೇಟೆಂಟ್ ಇದೇ. ಮರುವರ್ಷ ಜರ್ಮನಿಯ ಪ್ರಾಯ್ಸನ್, ಹಾನ್ಸೆಸ್ಟಾಟ್ ಡಾನ್‌ಜಿಗ್ ಹಡಗುಗಳ ಎಂಜಿನ್ನುಗಳು ಟರ್ಬೊದಿಂದಾಗಿ 1,750ರಿಂದ 2,500 ಅಶ್ವಶಕ್ತಿಗೆ ಏರಿದವು. ಮೊದಲ ಪೇಟೆಂಟಿನಿಂದ ಇಲ್ಲಿಗೆ 20 ವರ್ಷಕ್ಕೂ ಹೆಚ್ಚು!

ಇವತ್ತಿಗೂ ಟರ್ಬೊ ಗಾಡಿ ಎಳೀತಿಲ್ಲ ಅಂದ್ರೆ ಮೊದಲು ಪೈಪನ್ನೇ ನೋಡಬೇಕು ನೋಡ್ರಿ. ಟರ್ಬೈನ್‌ಗಿಂತ ಮುಂಚೆ ಹೊಗೆ ಲೀಕಾದ್ರೆ ಟರ್ಬೊಗೆ ವೇಗ ಬರಲ್ಲ. ಕಂಪ್ರೆಸರ್ ಆದಮೇಲೆ ಗಾಳಿ ಲೀಕಾದ್ರೆ ಸುಂಯ್ ಅಂತ ಸದ್ದು, ಪಿಕಪ್ ಕಡಿಮೆ, ಡೀಸೆಲ್ ಗಾಡಿಯಾದ್ರೆ ಕಪ್ಪು ಹೊಗೆ. ಏರ್ ಫಿಲ್ಟರ್ ದಾಟಿದ ಮೇಲೆ ಪೈಪು ಸೀಳಿದ್ರೆ ನಮ್ಮೂರಿನ ಧೂಳು ಸೀದಾ ಒಳಗೆ ಹೋಗಿ ಕಂಪ್ರೆಸರ್‌ನ ರೆಕ್ಕೆ ಸವೆಸ್ತದೆ. ಎಂಜಿನ್ ಬಂದ್ ಮಾಡಿ, ಗಾಳಿ ಒಳಗೆ ಹೋಗೋ ಬಾಯಿ ಮುಚ್ಚಿ, ಸ್ವಲ್ಪವೇ ಒತ್ತಡದ ಗಾಳಿ ಬಿಟ್ಟು, ಜೋಡಣೆಗಳಿಗೆ ಸೋಪಿನ ನೀರು ಹಚ್ಚಿದ್ರೆ ಗುಳ್ಳೆ ಎದ್ದಲ್ಲೇ ಲೀಕು. ಇದನ್ನ ನೋಡದೆ ಹೊಸ ಟರ್ಬೊ ಹಾಕಿಸಿದ್ರೆ ದುಡ್ಡು ಹೋಗ್ತದ, ತೊಂದರೆ ಮಾತ್ರ ಹಂಗೇ ಉಳೀತದ.

ಬ್ಯೂಖಿ 1959ರಲ್ಲಿ ತೀರಿಕೊಂಡರು. ಟರ್ಬೊ ಇರೋ ಕಾರುಗಳು ಅಮೆರಿಕದಲ್ಲಿ ಮಾರಾಟಕ್ಕೆ ಬಂದಿದ್ದು 1962ರಲ್ಲಿ. ಅವನ್ನ ನೋಡೋಕೆ ಅವರಿರಲಿಲ್ಲ. ಒಂದು ಸೆಮಿಸ್ಟರಿನ ಪ್ರಾಜೆಕ್ಟ್ ಓಡದಿದ್ರೆ ಟಾಪಿಕ್ಕೇ ಬದಲಿಸೋ ನಾವು, ಆ 20 ವರ್ಷಗಳನ್ನ ಒಮ್ಮೆ ನೆನೆಸಿಕೊಂಡ್ರೆ ಒಳ್ಳೇದು.